ಎಡಗಾಲು ತಾಗಿಸಿದ ಶ್ರಾವಣ

ಮೊನ್ನೆ ಹೊಸಪೇಟೆಯಿಂದ ಕಂಪ್ಲಿಗೆ ಬರುವಾಗ ರಾಮಸಾಗರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರ್ ಡಿಪೋಗೆ ಫೋನ್ ಮಾಡಲು ಇಳಿದ, ಡ್ರೈವರ್ ಬೀಡಿ ಹಚ್ಚಲು ಇಳಿದ. ನಾನು ಕಿಟಕಿಯ ಗಾಜು ಸರಿಸಿದೆ. ರಸ್ತೆಯಾಚೆ ಕಬ್ಬಿನ ಹೊಲದ ಅಂಚಿಗೆ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬರುವ ಹೊತ್ತಿರಬೇಕು, ಆ ವಾಸನೆ ಒಂದೇ ಸಲ ಬಸ್ಸಿನೊಳಗೆ ನುಗ್ಗಿತು. ನನ್ನ ಕೈ ನನ್ನನ್ನು ಕೇಳದೆಯೇ ಹೋಗಿ ಕುತ್ತಿಗೆಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಕುತ್ತಿಗಿ ಹಿಡದೈತೇನ್ರಿ?" ಎಂದರು ಪಕ್ಕದ ಸೀಟಿನ ಹೆಂಗಸು.

"ಇಲ್ರಿ, ಏನೋ ನೆನಪಾತು."

"ಕಂಪ್ಲ್ಯಾಗ ಒಬ್ರು ಟೀಚರ್ ಅದಾರಂತ್ರಿ. ಅವ್ರು ಕಾಲು ತಾಗಿಸಿದ್ರ ಎಂಥಾ ಚಳಕೂ ಬಿಡ್ತೈತಂತ. ಒಂದ್ಸಲ ಹೋಗಿ ಬರ್ರಿ."

ಆ ಟೀಚರ್ ನಾನೇ ಎಂದು ಹೇಳಲಿಲ್ಲ. ಆಕೆ ಆ ಕೆಲಸ ಬಿಟ್ಟು ವರ್ಷಗಳಾದವು ಎಂದೂ ಹೇಳಲಿಲ್ಲ. ಬಸ್ಸಿಳಿದು ಆಲೆಮನೆಗೆ ಹೋಗಿ, ಇನ್ನೂ ಬಿಸಿ ಆರದ ಒಂದು ಅಚ್ಚು ಬೆಲ್ಲ ಕೊಂಡು ಬಂದು ಕುಳಿತೆ. ರಿಪೇರಿಯವನು ಬರುವ ತನಕ ಆ ಶ್ರಾವಣವೇ ಕಣ್ಣ ಮುಂದೆ ಇತ್ತು. ನನ್ನ ಮಗಳು ಗಿರಿಜಾ ಎರಡನೆಯ ತರಗತಿಯಲ್ಲಿದ್ದ ವರ್ಷದ ಶ್ರಾವಣ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸ ಹುಟ್ಟುವಾಗಲೇ ನನಗೆ ಅಂಟಿಕೊಂಡಿತ್ತು. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ತಾಗಿದರೆ ಹಿಡಿದ ಬೆನ್ನು, ಉಳುಕಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಸರಿಯಾಗಿ ನಡೆಯುವುದನ್ನು ಕಲಿಯುವ ಮೊದಲೇ ನನ್ನನ್ನು ಎತ್ತಿ ಹಿಡಿದು ಯಾರದೋ ಬೆನ್ನಿಗೆ ಕಾಲು ತಾಗಿಸಿದ್ದರಂತೆ. ಅದಕ್ಕೆ ಕಟ್ಟುಪಾಡುಗಳಿದ್ದವು. ರವಿವಾರ ಇಲ್ಲವೇ ಅಮಾವಾಸ್ಯೆಯ ಬೆಳಿಗ್ಗೆ ಆಗಬೇಕು. ನಾನು ಚಹಾ ಕೂಡ ಕುಡಿದಿರಬಾರದು. ಬಂದವರು ಚಾಪೆಯ ಮೇಲೆ ಬೋರಲಾಗಿ ಮಲಗಬೇಕು, ನಾನು ಎಡಗಾಲನ್ನು ಮೂರು ಸಲ ತಾಗಿಸಬೇಕು. ಮುಗಿಯುವ ತನಕ ಇಬ್ಬರೂ ಮಾತಾಡಬಾರದು, ಮಾತಾಡಿದರೆ ಆ ದಿನದ್ದು ಕೆಟ್ಟಂತೆ, ಮತ್ತೆ ಮುಂದಿನ ರವಿವಾರವೇ. ಎದ್ದವರು ಹೊಸ್ತಿಲ ಮೇಲೆ ಒಂದು ಅಚ್ಚು ಬೆಲ್ಲ ಇಟ್ಟು ಹೊರಳಿ ನೋಡದೆ ಹೋಗಬೇಕು.

ಗದ್ದೆ ನಾಟಿಯ ಕಾಲದಲ್ಲಿ ನಮ್ಮ ಮನೆ ಮುಂದೆ ಹೆಂಗಸರ ಸಾಲು ಇರುತ್ತಿತ್ತು. ಅದಿರಿನ ಲಾರಿ ಓಡಿಸಿ ನಡು ಕಳೆದುಕೊಂಡ ಡ್ರೈವರುಗಳು ಸಂಡೂರಿನಿಂದಲೂ ಬರುತ್ತಿದ್ದರು. ನಮ್ಮ ಹೆಡ್‌ಮಾಸ್ತರರೂ ಒಮ್ಮೆ ಬಂದು ಮಲಗಿದ್ದರು. ಹೆಡ್‌ಮಾಸ್ತರರಿಗೆ ಒದೆಯುವ ಭಾಗ್ಯ ಎಷ್ಟು ಜನ ಟೀಚರುಗಳಿಗೆ ಸಿಕ್ಕೀತು ಹೇಳಿ. ನನಗೆ ಇದರಲ್ಲಿ ನಂಬಿಕೆ ಇತ್ತೇ ಎಂದು ಕೇಳಿದರೆ ಹೌದು ಎನ್ನಲಾರೆ. ಆದರೆ ಬಾಗಿ ಬಂದವರು ನೆಟ್ಟಗಾಗಿ ಹೋಗುವುದನ್ನು ನೋಡುತ್ತ ಇಲ್ಲ ಎನ್ನಲೂ ಬಾಯಿ ಬರುತ್ತಿರಲಿಲ್ಲ.

ಹೊಸ್ತಿಲ ಮೇಲಿನ ಬೆಲ್ಲ ಎತ್ತಿಕೊಳ್ಳುವ ಅಧಿಕಾರ ಗಿರಿಜಾಳದು. ಬಾಗಿಲ ಸಂದಿಯಲ್ಲಿ ಕುಳಿತು, ಒದೆ ಎಣಿಸಿ, ಮೂರಾದ ಕೂಡಲೇ ಕೈ ಚಾಚುತ್ತಿದ್ದಳು. ಯಾರಾದರೂ ಮರೆತು ಎದ್ದು ಹೊರಟರೆ "ಬೆಲ್ಲ ಎಲ್ಲಿ?" ಎಂದು ತಡೆಯುತ್ತಿದ್ದಳು. ಕಟ್ಟುಪಾಡುಗಳೆಲ್ಲ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿದ್ದವು.

ಅವಳು ಮೂರು ವರ್ಷದ ತನಕ ಎಲ್ಲ ಮಕ್ಕಳಂತೆಯೇ ಇದ್ದಳು. ಆಮೇಲೆ ಬೆಳವಣಿಗೆ ನಿಂತಿತು. ಎದೆಗೂಡು ಪಾರಿವಾಳದ ಎದೆಯ ಹಾಗೆ ಮುಂದೆ ಬಂತು, ಮೊಣಕಾಲುಗಳು ಒಂದಕ್ಕೊಂದು ತಾಗತೊಡಗಿದವು, ಕುತ್ತಿಗೆ ಹೆಗಲೊಳಗೆ ಇಳಿದಂತೆ ಕಾಣುತ್ತಿತ್ತು. ಬುದ್ಧಿ ಮಾತ್ರ ಚುರುಕು, ಬಾಯಿ ನನ್ನದೇ. ತೋರಿಸಿದ ಡಾಕ್ಟರುಗಳೆಲ್ಲ ಎಲುಬಿಗೆ ಸುಣ್ಣದಂಶ ಸಾಲದು ಎಂದು ಔಷಧಿ ಬರೆದರು. ಎಳೆಬಿಸಿಲಿಗೆ ನಿಲ್ಲಿಸಿ ಎಂದರು. ಬಳ್ಳಾರಿ ಸೀಮೆಯಲ್ಲಿ ಬಿಸಿಲಿಗೆ ಬರವೇ! ನಾನು ದಿನಾ ನಿಲ್ಲಿಸಿದೆ.

ಆ ವರ್ಷ ಆಷಾಢದ ಕೊನೆಗೆ ಹಂಪಿಗೆ ಹೋಗಿದ್ದೆವು. ಹೋದ ವರ್ಷ ಹೇಮಕೂಟದ ಬಂಡೆಯನ್ನು ತಾನೇ ಹತ್ತಿದ್ದವಳು ಈ ಸಲ ನಾಲ್ಕು ಹೆಜ್ಜೆಗೆ ಕುಳಿತಳು. ಆಮೇಲೆ ಎರಡೂ ಕೈ ಊರಿ ತೆವಳಿ ಹತ್ತತೊಡಗಿದಳು. "ಏನಲೇ ಗಿರ್ಜಿ, ಇಲ್ಲಿನ ಮಂಗ್ಯಾಗಳ ಸಂಗ ಮಾಡೀಯೇನು?" ಎಂದು ನಾನು ಛೇಡಿಸಿದೆ. ಅವಳೂ ನಕ್ಕಳು. "ಕಾಲು ನನ್ನ ಮಾತು ಕೇಳವಲ್ವು ಅವ್ವಾ," ಎಂದಳು. ನನ್ನ ಗಂಡ ಬಸವರಾಜ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿದ. ಬರುವಾಗ ಕಮಲಾಪುರದಲ್ಲಿ ಮಿರ್ಚಿ ತಿಂದೆವು. ಅವಳ ಕೈಯಿಂದ ಮಿರ್ಚಿ ಎರಡು ಸಲ ಜಾರಿತು, ಬಿಸಿ ಇದೆ ಎಂದುಕೊಂಡೆ.

ಶ್ರಾವಣ ಬಂತು. ಮೋಡ ಇತ್ತು, ಮಳೆ ಇರಲಿಲ್ಲ. ಕಾಲುವೆಗೆ ನೀರು ಬಿಟ್ಟು ಊರ ಸುತ್ತ ನಾಟಿ ನಡೆದಿತ್ತು. ನನ್ನ ಗಂಡನ ಪಂಪ್‌ಸೆಟ್ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮನೆಯಲ್ಲಿ ಅಜ್ಜಿ ಪಂಚಮಿಗೆಂದು ಜೋಳ ಹುರಿದು ಅರಳು ಮಾಡುತ್ತಿದ್ದಳು, ಬೆಲ್ಲದ ಪಾಕ ಹಿಡಿದು ಉಂಡೆ ಕಟ್ಟುತ್ತಿದ್ದಳು. ಅಜ್ಜಿ ಎಂದರೆ ನನ್ನ ಅತ್ತೆ. ನಾನು ನನ್ನ ತಾಯಿಯ ತಮ್ಮನನ್ನೇ ಮದುವೆಯಾದವಳು. ಗಂಡನನ್ನು ಈಗಲೂ ಮಾವ ಎಂದೇ ಕರೆಯುವುದು. ಸೋದರಮಾವನನ್ನು ಕಟ್ಟಿಕೊಂಡಿದ್ದರಿಂದ ಅತ್ತೆಯ ಮೇಲೆ ಅಜ್ಜಿಗೆ ದೂರು ಹೇಳುವ ದಾರಿ ಮುಚ್ಚಿಹೋಯಿತು, ಅಷ್ಟೇ ನನಗೆ ಆಗಿದ್ದ ನಷ್ಟ. ಹಾಗೆಂದೇ ಆ ತನಕ ತಿಳಿದಿದ್ದೆ.

ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಶನಿವಾರ ಸಂಜೆ ಗಿರಿಜಾ ಅದರಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಮೋಡ ನೋಡುತ್ತ ಜೀಕಿದಳು. ಬಸವರಾಜ ಹಿಂದಿನಿಂದ ನೂಕುತ್ತಿದ್ದ. ಇಳಿಸಿದಾಗ ನಿಲ್ಲಲಾಗದೆ ಕುಸಿದು ಕುಳಿತಳು. ತಲೆ ತಿರುಗಿರಬೇಕು ಎಂದು ನಾವು ನಕ್ಕೆವು.

ಮರುದಿನ ರವಿವಾರ. ನಾಟಿಯ ಹೆಂಗಸರು ಬಂದು ಒದೆಸಿಕೊಂಡು ಹೋದರು. ಬಾಗಿಲ ಸಂದಿಯಿಂದ ಬೆಲ್ಲಕ್ಕೆ ಕೈ ಚಾಚಿದ ಗಿರಿಜಾಳ ಬೆರಳುಗಳು ಅಚ್ಚನ್ನು ಹಿಡಿಯಲಾರದೆ ಹೊಸ್ತಿಲಾಚೆ ಬೀಳಿಸಿದವು. "ಕುತ್ತಿಗಿ ನೋಯ್ತೈತಿ," ಎಂದಳು. ಅಜ್ಜಿ ಅದನ್ನು ನೋಡಿ ಉಂಡೆಯ ಪರಾತ ಬದಿಗಿಟ್ಟಳು.

"ಊರ ಮಂದಿಗೆಲ್ಲ ಕಾಲು ತಾಗಸ್ತಿ. ಹೊಟ್ಟ್ಯಾಗ ಹುಟ್ಟಿದ್ದಕ್ಕ ಒಂದ್ಸಲ ತಾಗಸಾಕ ನಿನಗೇನು ಧಾಡಿ?"

"ನಾಳೆ ಹೊಸಪೇಟಿಗೆ ಹೋಗಿ ಹೊಸ ಡಾಕ್ಟರಿಗೆ ತೋರಸ್ತೀವಲ್ಲಜ್ಜಿ."

"ಡಾಕ್ಟರು ನಾಳೆ. ರವಿವಾರ ಇವತ್ತು. ನೀ ಇನ್ನೂ ಚಾ ಕುಡದಿಲ್ಲ."

ಬೇಡ ಎನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಒಂದು ಆಸೆಯೂ ಇತ್ತು. ಊರಿಗೆಲ್ಲ ಆಗಿಬಂದ ಕಾಲು ನನ್ನ ಮಗಳಿಗೂ ಆಗಿ ಬರಬಾರದೇಕೆ? ಗಿರಿಜಾ ತಾನೇ ಖುಷಿಯಿಂದ ಚಾಪೆ ಹಾಸಿ, ಹಣೆ ನೆಲಕ್ಕೆ ಹಚ್ಚಿ ಬೋರಲಾಗಿ ಮಲಗಿದಳು. "ಕುತ್ತಿಗಿ ಬುಡಕ್ಕ ತಾಗಸು," ಎಂದು ಹೇಳಿ ಅಜ್ಜಿ ಬಾಯಿ ಮುಚ್ಚಿದಳು. ನಾನು ಸೀರೆ ಎತ್ತಿ ಹಿಡಿದು ಗೋಡೆಗೆ ಕೈ ಕೊಟ್ಟು ಎಡಗಾಲು ಎತ್ತಿದೆ. ಅಂಗಾಲಿನ ಕೆಳಗೆ ಅವಳ ಎರಡು ಜಡೆಯ ನಡುವಿನ ಬೈತಲೆ ಕಾಣುತ್ತಿತ್ತು.

"ಅವ್ವಾ," ಎಂದಳು ಗಿರಿಜಾ. "ಹಿಂಗ ಮಲಗಿದ್ರ ಎರಡೂ ಕೈ ಇಲ್ಲದಂಗ ಆಗ್ತಾವ."

"ಮಾತಾಡಿಬಿಟ್ಲು!" ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. "ಕೆಡಿಸಿದ್ಲು. ಇನ್ನ ಮುಂದಿನ ರವಿವಾರನ."

ನಾನು ಕಾಲನ್ನು ಚಾಪೆಯ ಪಕ್ಕಕ್ಕೆ ಇಳಿಸಿದೆ. ಬೈದೆ ಕೂಡ. ಇಷ್ಟು ವರ್ಷ ನೋಡಿದವಳಿಗೆ ಅಷ್ಟೂ ಗೊತ್ತಾಗಬಾರದೇ ಎಂದೆ.

ಸೋಮವಾರ ಮೂವರೂ ಮೋಟಾರ್ ಸೈಕಲ್ ಮೇಲೆ ಹೊಸಪೇಟೆಗೆ ಹೊರಟೆವು. ಕಮಲಾಪುರದ ತನಕ ರಸ್ತೆ ತಗ್ಗು ದಿಣ್ಣೆ. ಗಿರಿಜಾ ನಡುವೆ ಕುಳಿತು ನಿದ್ದೆಗೆ ತೂಗುತ್ತಿದ್ದಳು. ಮಲಪನಗುಡಿ ದಾಟುವಾಗ ಒಂದು ಗುಂಡಿಗೆ ಗಾಡಿ ಇಳಿದು ಹಾರಿತು, ಅವಳ ಹಣೆ ಅಪ್ಪನ ಬೆನ್ನಿಗೆ ಬಡಿಯಿತು.

ಮಕ್ಕಳ ಡಾಕ್ಟರ್ ಚಿಕ್ಕ ವಯಸ್ಸಿನವರು, ಆಗಷ್ಟೇ ಊರಿಗೆ ಬಂದವರು. ಅವಳನ್ನು ನಡೆಸಿ ನೋಡಿದರು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಕಾಲು ಚಿಮ್ಮಿದ ರೀತಿ ನೋಡಿ ಮತ್ತೊಮ್ಮೆ ತಟ್ಟಿದರು. ಮಾತು ಕಡಿಮೆಯಾಯಿತು. ಕುತ್ತಿಗೆಯ ಎಕ್ಸ್‌ರೇ ಆಗಲೇ ಬೇಕೆಂದು ತಾವೇ ಕೋಣೆಯೊಳಗೆ ಹೋಗಿ ನಿಂತು, ತಲೆಯನ್ನು ಬೊಟ್ಟಿನಷ್ಟು ಬಾಗಿಸಿ ಒಂದು, ನೆಟ್ಟಗೆ ಒಂದು ತೆಗೆಸಿದರು. ಹೊರಗೆ ನಾವು ಕುಳಿತಿದ್ದ ಬೆಂಚಿಗೆ ಅವರು ಓಡಿ ಬಂದರು. ಡಾಕ್ಟರೊಬ್ಬರು ಓಡಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

"ಆಕಿನ್ನ ಎತ್ತಬ್ಯಾಡ್ರಿ. ಯಾರೂ ಮುಟ್ಟಬ್ಯಾಡ್ರಿ," ಎಂದವರೇ ಗಟ್ಟಿ ಪಟ್ಟಿಯೊಂದನ್ನು ಅವಳ ಕುತ್ತಿಗೆಗೆ ಸುತ್ತಿ ಕಟ್ಟಿದರು. "ಹ್ಯಾಂಗ ಬಂದ್ರಿ ಕಂಪ್ಲಿಯಿಂದ?"

"ಮೋಟರ್ ಸೈಕಲ್ ಮ್ಯಾಲೆ," ಎಂದ ಬಸವರಾಜ.

ಡಾಕ್ಟರ್ ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಈ ಕುತ್ತಿಗಿನ್ನ ಯಾರಾರ ತಿಕ್ಕಿದ್ದು, ತಿರುವಿದ್ದು, ಒತ್ತಿದ್ದು ಏನಾರ ಐತೇನ್ರಿ?" ಎಂದರು.

"ನಿನ್ನೆ ನಾನು ಕಾಲು ಎತ್ತಿದ್ದೆ."

"ತಾಗಿಸಿದ್ರಾ?"

"ಇಲ್ರಿ. ಆಕಿ ಮಾತಾಡಿಬಿಟ್ಲು."

ಅವರಿಗೆ ಅರ್ಥವಾಗಲಿಲ್ಲ. ನನಗೂ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. "ತಾಗಿಸಿದ್ರ ಏನಾಗ್ತಿತ್ತು ಸಾರ್?" ಎಂದು ಕೇಳಿದೆ.

"ಆ ಚಾಪಿ ಮ್ಯಾಲೇ ಕೈಕಾಲು ಹೋಗ್ತಿದ್ವು," ಎಂದರು. ಪಟ್ಟಿಯ ಗಂಟು ಬಿಗಿಸುತ್ತ, "ಉಸಿರೂ ಹೋಗ್ತಿತ್ತು," ಎಂದರು.

ನಾನು ಎದ್ದು ಆಸ್ಪತ್ರೆಯ ತುಳಸಿ ಕುಂಡದ ಪಕ್ಕಕ್ಕೆ ಹೋಗಿ ನಿಂತೆ. ಕಾಲಿಗೆ ಚಪ್ಪಲಿ ಇರಲಿಲ್ಲ, ಎಡಗಾಲು ಮಣ್ಣಿನ ಮೇಲಿತ್ತು. ಅದನ್ನು ನೋಡಿದೆ. ಅದು ನನ್ನದೇ ಕಾಲು ಎಂಬುದನ್ನು ನನ್ನ ತಲೆ ಒಪ್ಪಲಿಲ್ಲ. ಒಂದು ಮಾತು, ಆಡಬಾರದ ಹೊತ್ತಿನಲ್ಲಿ ಆಡಿದ ಒಂದು ಮಾತು ನಡುವೆ ಬರದಿದ್ದರೆ! ನನ್ನನ್ನು ತಡೆದದ್ದು ನಾನು ಓದಿದ ವಿಜ್ಞಾನವಲ್ಲ, ಬುದ್ಧಿಯಲ್ಲ, ತಾಯಿಯ ಕರುಳೂ ಅಲ್ಲ. ಮಾತಾಡಿದರೆ ಕೆಡುತ್ತದೆ ಎಂಬ ಆ ಕಟ್ಟುಪಾಡು. ಇದನ್ನು ಯಾರ ಮುಂದೆ ಹೇಳುವುದು, ಹೇಗೆ ಹೇಳುವುದು ನನಗೆ ಇವತ್ತಿಗೂ ತಿಳಿಯದು.

ಅಂದೇ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಅಜ್ಜಿಯನ್ನು ಮನೆಯಲ್ಲೇ ಬಿಡೋಣವೆಂದರೆ ಅವಳು ಸುದ್ದಿ ಕೇಳಿದ್ದೇ ಸೀರೆ ಗಂಟು ಕಟ್ಟಿ ಬಸ್ಸು ಹತ್ತಿ ಹೊಸಪೇಟೆಗೆ ಬಂದಿದ್ದಳು. ಗಿರಿಜಾಳನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿ, ತಲೆಯ ಎರಡೂ ಬದಿಗೆ ದಿಂಬು ಕೊಟ್ಟು ಪಟ್ಟಿ ಬಿಗಿದಿದ್ದರು. ಗಾಡಿ ಕುಲುಕಿದಾಗಲೆಲ್ಲ ಬಸವರಾಜ ಕಣ್ಣು ಮುಚ್ಚುತ್ತಿದ್ದ. "ಜೋಕಾಲಿ ಜೋರಾಗಿ ನೂಕಿದ್ದೆ," ಎಂದ ಒಮ್ಮೆ.

ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ರೋಗಕ್ಕೆ ಒಂದು ಹೆಸರು ಸಿಕ್ಕಿತು. ಮಾರ್ಕಿಯೋ ಎಂದರು. ಅಪರೂಪಕ್ಕೆ ಒಬ್ಬರಿಗೆ ಬರುವಂಥದು. ದೇಹದೊಳಗೆ ಕರಗಿ ಹೋಗಬೇಕಾದ ಒಂದು ವಸ್ತು ಕರಗದೆ ಎಲುಬಿನಲ್ಲಿ ಕೂರುತ್ತದಂತೆ, ಅದನ್ನು ಕರಗಿಸುವ ಶಕ್ತಿಯೇ ಇವಳಿಗೆ ಹುಟ್ಟಿನಿಂದ ಇಲ್ಲ. ವಂಶದ ರೋಗಗಳನ್ನು ನೋಡುವ ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿ ವಿಚಾರಿಸುತ್ತಿದ್ದಾಗ ನಾನು ಗಂಡನಿಗೆ, "ಮಾವ, ಆ ಎಕ್ಸ್‌ರೇ ಕೊಡು," ಎಂದೆ.

"ಇವರು ನಿಮ್ಮ ಮಾವನಾ? ಮಗುವಿನ ತಂದೆ ಬಂದಿಲ್ವಾ?" ಎಂದರು ಆ ಡಾಕ್ಟರ್.

"ಇವರೇ ತಂದೆ," ಎಂದೆ. ಅವರು ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ಬೈಯಲಿಲ್ಲ, ಸಮಾಧಾನದಿಂದಲೇ ವಿವರಿಸಿದರು. ಒಂದೇ ದೋಷ ಇಬ್ಬರಲ್ಲೂ ಅಡಗಿದ್ದು, ಎರಡೂ ಮಗುವಿನಲ್ಲಿ ಕೂಡಿದರೆ ಹೀಗಾಗುತ್ತದೆ, ಒಂದೇ ಮನೆತನದೊಳಗೆ ಮದುವೆಯಾದರೆ ಕೂಡುವ ಸಂಭವ ಹೆಚ್ಚು ಎಂದರು. ನಾನು ಹತ್ತನೆಯ ತರಗತಿಗೆ ಪ್ರತಿ ವರ್ಷ ಬಟಾಣಿ ಗಿಡಗಳ ಪಾಠ ಮಾಡುವವಳು. ಬೋರ್ಡಿನ ಮೇಲೆ ಚೌಕ ಬರೆದು ದೊಡ್ಡ ಅಕ್ಷರ, ಸಣ್ಣ ಅಕ್ಷರ ತುಂಬಿಸುವವಳು. ಆ ಕೋಣೆಯಲ್ಲಿ ನನ್ನ ಮನೆಯೇ ಆ ಚೌಕದೊಳಗೆ ಕುಳಿತಿದ್ದುದು ಕಂಡಿತು. ಬಸವರಾಜನ ಮುಖ ನೋಡಲು ಹೋಗಿ, ನೋಡದೆ ನೆಲ ನೋಡಿದೆ.

ಮಿದುಳು, ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಮಾಡುವವರು ಒಬ್ಬ ಹೆಂಗಸು. ಕೂದಲು ನೆರೆತಿತ್ತು, ನಡೆಯುವಾಗ ಸೊಂಟಕ್ಕೆ ಕೈ ಕೊಟ್ಟುಕೊಳ್ಳುತ್ತಿದ್ದರು. ಅಜ್ಜಿಯ ಮಾತು ಕೇಳಿದ್ದೇ ಅವರ ಮುಖ ಅರಳಿತು. "ಯಾವೂರವ್ವ? ಕಂಪ್ಲಿಯಾ? ನಮ್ಮದು ಸಂಡೂರು ಕಡಿ ಬಂಡ್ರಿ," ಎಂದು ಮಂಚದ ಪಕ್ಕ ಕುಳಿತೇಬಿಟ್ಟರು. ಅಜ್ಜಿ ಆಗಿನಿಂದ ಅವರನ್ನು ಬಂಡ್ರಿ ಡಾಕ್ಟ್ರಮ್ಮ ಎಂದೇ ಕರೆದಳು.

ಅವರು ಹೇಳಿದ್ದು ಅಜ್ಜಿಗೇ. "ಬೀಸೋ ಕಲ್ಲು ನೋಡೀರಲ್ಲವ್ವ? ಕೆಳಗಿನ ಕಲ್ಲಿನ ನಡುವ ಒಂದು ಗೂಟ ಇರ್ತೈತಿ, ಮ್ಯಾಲಿನ ಕಲ್ಲು ಅದಕ್ಕ ಸಿಕ್ಕೊಂಡು ತಿರುಗ್ತೈತಿ. ನಮ್ಮ ಕುತ್ತಿಗ್ಯಾಗೂ ಹಂಗ. ಎರಡನೇ ಎಲುಬಿಗೆ ಗೂಟ, ಮೊದಲನೇದು ಅದರ ಸುತ್ತ ತಿರುಗಬೇಕು. ಈ ಕೂಸಿಗೆ ಆ ಗೂಟ ಬೆಳದಿಲ್ಲ. ಮ್ಯಾಲಿನ ಕಲ್ಲು ಜಾರಾಕತ್ತೈತಿ."

"ಕಲ್ಲಿನ ನಡುವ ಏನೈತಿ?" ಎಂದಳು ಅಜ್ಜಿ.

"ನರದ ಹುರಿ. ಕೈ, ಕಾಲು, ಉಸಿರು, ಎಲ್ಲಾ ಅದರಾಗಿಂದ ಹೋಗೋದು. ಈಗ ಅದು ದಾರದಷ್ಟಾಗೈತಿ."

ಅಜ್ಜಿ ನೆಲಕ್ಕೆ ಜಾರಿ ಕುಳಿತು ನನ್ನ ಎಡಗಾಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ನಾನು ಎಳೆದುಕೊಂಡರೂ ಬಿಡಲಿಲ್ಲ. "ನಾನ ತಾಗಸು ಅಂದಿದ್ದೆ," ಎಂದಳು. ವಾರ್ಡಿನ ಜನರೆಲ್ಲ ನೋಡುತ್ತಿದ್ದರು. ಡಾಕ್ಟ್ರಮ್ಮ ನಮ್ಮ ಕಥೆಯನ್ನು ಪೂರ್ತಿ ಕೇಳಿದರು. ನಗಲಿಲ್ಲ, ಗದರಲಿಲ್ಲ. "ಬಂಡ್ರ್ಯಾಗ ನನಗೂ ಒಬ್ಬಾಕಿ ಒದ್ದಿದ್ಲು, ನಾನೂ ಬೆಲ್ಲ ಇಟ್ಟು ಬಂದಿದ್ದೆ," ಎಂದರು. "ಗಟ್ಟಿ ಬೆನ್ನಿಗೆ ಏನಾದ್ರೂ ನಡೀತೈತ್ರಿ. ಯಾವ ಬೆನ್ನು ಗಟ್ಟಿ, ಯಾವುದು ಅಲ್ಲ ಅಂತ ಕಾಲಿಗೆ ಹ್ಯಾಂಗ ಗೊತ್ತಾಗಬೇಕು?"

ಮುಂದಿನದನ್ನು ಅವರು ಮುಚ್ಚಿಡದೆ ಹೇಳಿದರು. ಹಾಗೇ ಬಿಟ್ಟರೆ ಒಮ್ಮೆ ಎಡವಿ ಬಿದ್ದರೂ ಸಾಕು, ಎಲ್ಲ ಮುಗಿಯಿತು. ಆಪರೇಷನ್ ಮಾಡಿದರೆ ರೋಗ ಹೋಗುವುದಿಲ್ಲ, ಅವಳು ಎತ್ತರವಾಗುವುದಿಲ್ಲ, ಕುತ್ತಿಗೆ ಇನ್ನು ತಿರುಗುವುದಿಲ್ಲ. ಜಾರುವ ಎಲುಬುಗಳನ್ನು ತಲೆಬುರುಡೆಯ ಜೊತೆ ಬಿಗಿದು, ನರಕ್ಕೆ ಜಾಗ ಮಾಡಿಕೊಡುವುದಷ್ಟೇ. ಇಂಥ ಮಕ್ಕಳ ಗಂಟಲು ಇಕ್ಕಟ್ಟು, ಉಸಿರಿನ ನಳಿಗೆ ಇಳಿಸುವಾಗಲೇ ಜೀವಕ್ಕೆ ಅಪಾಯ. ಅವಳು ಕೈಕಾಲು ಸತ್ತವಳಾಗಿ ಏಳಬಹುದು. ಏಳದೆಯೂ ಇರಬಹುದು.

"ನೀ ಹೇಳು," ಎಂದ ಬಸವರಾಜ ನನಗೆ.

"ನಿಮ್ಮ ಮಗಳಾಗಿದ್ರ ಏನ್ಮಾಡ್ತಿದ್ರಿ ಮೇಡಂ?" ಎಂದೆ ಡಾಕ್ಟ್ರಮ್ಮನಿಗೆ.

"ಭಾಳ ಅಳ್ತಿದ್ದೆ. ಆಮ್ಯಾಲೆ ಮಾಡ್ಸ್ತಿದ್ದೆ," ಎಂದರು. ನಾವು ಒಪ್ಪಿದೆವು.

ಪಂಚಮಿಯ ಮರುದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. "ಸಣ್ಣ ಕೆಲಸ ಅವ್ವಿ, ಜಲ್ದಿ ಮುಗೀತೈತಿ," ಎಂದು ನಾನು ಸುಳ್ಳು ಹೇಳಿದ್ದೆ. ಸಂಜೆಯ ತನಕ ಬಾಗಿಲು ತೆರೆಯಲಿಲ್ಲ. ಅಜ್ಜಿ ಗಂಟಿನಲ್ಲಿ ತಂದಿದ್ದ ಪಂಚಮಿ ಉಂಡೆಗಳನ್ನು ಯಾರೂ ಬಿಚ್ಚಲಿಲ್ಲ. ಕೊನೆಗೆ ಹೊರಬಂದ ಡಾಕ್ಟ್ರಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತು, "ಎದ್ದಾಳ," ಎಂದರು.

ಅವಳನ್ನು ನೋಡಲು ಬಿಟ್ಟಾಗ ನನಗೆ ಚೀರುವಂತಾಯಿತು, ಸೆರಗು ಬಾಯಿಗೆ ತುರುಕಿಕೊಂಡೆ. ಜಡೆಗಳಿರಲಿಲ್ಲ, ತಲೆ ಬೋಳು. ತಲೆಯ ಸುತ್ತ ಒಂದು ಲೋಹದ ಬಳೆ, ಅದನ್ನು ಹಿಡಿದು ನಿಲ್ಲಿಸಿದ ಮೊಳೆಗಳು ನೇರ ಹಣೆಯ ಚರ್ಮದೊಳಗೆ ಹೋಗಿದ್ದವು. ಬಳೆಯಿಂದ ಸರಳುಗಳು ಇಳಿದು ಎದೆಗೆ ಕಟ್ಟಿದ ಗಟ್ಟಿ ಕವಚಕ್ಕೆ ಸೇರಿದ್ದವು. ಎಲುಬು ಕೂಡುವ ತನಕ ತಿಂಗಳುಗಟ್ಟಲೆ ಹೀಗೇ ಇರಬೇಕು ಎಂದು ಮೊದಲೇ ಹೇಳಿದ್ದರು. ಹೇಳಿದ್ದು ಬೇರೆ, ಅದು ನನ್ನ ಮಗಳ ಹಣೆಯಾಗಿ ಕಂಡದ್ದು ಬೇರೆ.

ಗಂಟಲ ನಳಿಗೆ ತೆಗೆದ ಮೇಲೆ ಡಾಕ್ಟ್ರಮ್ಮ ಕೈಬೆರಳು ಮಡಚಿಸಿ ನೋಡಿದರು, ಮಡಚಿದಳು. ಬಲಗಾಲು ಆಡಿಸು ಎಂದರು, ಆಡಿಸಿದಳು. ಎಡಗಾಲು ಎಂದರು. ಆಡಲಿಲ್ಲ. ಅಂಗಾಲನ್ನು ಚುಚ್ಚಿದರು, ಗೀರಿದರು. ಗಿರಿಜಾ ಛಾವಣಿ ನೋಡುತ್ತ ಮಲಗಿದ್ದಳು.

ಎಡಗಾಲು! ಎತ್ತಿದ್ದು ನನ್ನ ಎಡಗಾಲು, ಹೋದದ್ದು ಅವಳ ಎಡಗಾಲು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳಬಲ್ಲವಳು, ಆ ಮಂಚದ ಪಕ್ಕ ನಿಂತು ಅದನ್ನೇ ನಂಬಿದೆ.

"ನರಕ್ಕ ಬಾವು ಬಂದಿರ್ತೈತಿ, ಇಳೀಲಿ," ಎಂದರು ಡಾಕ್ಟ್ರಮ್ಮ. "ಕಾಲು ಬರಬಹುದು. ಬರದನೂ ಇರಬಹುದು. ಸುಳ್ಳು ಹೇಳಂಗಿಲ್ಲ ನಾನು. ಆದ್ರ ಬರೋದಿದ್ರ ಆಕಿ ಪ್ರಯತ್ನ ಮಾಡಬೇಕು."

ಗಿರಿಜಾ ಪ್ರಯತ್ನ ಮಾಡಲೇ ಇಲ್ಲ. ಸಣ್ಣ ಕೆಲಸ ಎಂದವಳ ಮೇಲೆ ಅವಳಿಗೆ ಸಿಟ್ಟು. ವಾರ್ಡಿಗೆ ಬಂದ ಮೇಲೂ ನನ್ನ ಜೊತೆ ಒಂದು ಮಾತಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಬಂದು, "ನನ್ನ ಕೈಯನ್ನ ನೂಕು ಪುಟ್ಟಿ," ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಸವರಾಜ ಬೇಡಿಕೊಂಡ, ಅಜ್ಜಿ ಹರಕೆ ಹೊತ್ತಳು. ಆ ಕಾಲು ಹಾಸಿಗೆಯ ಮೇಲೆ ಯಾರೋ ಮರೆತು ಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು.

ಆಮೇಲಿನ ರವಿವಾರದ ಬೆಳಿಗ್ಗೆ ಬಸವರಾಜ ಕ್ಯಾಂಟೀನಿನಿಂದ ಚಹಾ ತಂದ. ಲೋಟ ಕೈಗೆ ತೆಗೆದುಕೊಂಡವಳು ಕುಡಿಯದೆ ಕಿಟಕಿಯ ಮೇಲೆ ಇಟ್ಟೆ. ಏಕೆ ಇಟ್ಟೆ ಎಂದು ಆಗ ಕೇಳಿದ್ದರೆ ಹೇಳುತ್ತಿರಲಿಲ್ಲ. ಮಂಚದ ಕಾಲ್ದೆಸೆಗೆ ಹೋಗಿ, ಹೊದಿಕೆ ಸರಿಸಿ, ಅವಳ ಎಡಗಾಲಿಗೆ ಬೆನ್ನು ಮಾಡಿ ಹಾಸಿಗೆಯ ತುದಿಗೆ ಕುಳಿತೆ. ಅವಳ ಅಂಗಾಲು ನನ್ನ ಬೆನ್ನಿಗೆ ಇನ್ನೇನು ತಾಗಬೇಕು, ಅಷ್ಟು ಹತ್ತಿರ.

"ಗಿರ್ಜಿ, ಈ ಕುರ್ಚಿ ಮ್ಯಾಲೆ ಕುಂತು ಕುಂತು ನನ್ನ ಬೆನ್ನು ಹಿಡದೈತಿ," ಎಂದೆ. "ಕಾಲು ತಾಗಸು."

ಬಹಳ ಹೊತ್ತಿನ ಮೇಲೆ ಹಿಂದಿನಿಂದ ಒಡೆದ ದನಿ ಬಂತು. "ನಾ ಕಾಲು ಮುಂದಾಗಿ ಹುಟ್ಟಿಲ್ಲ."

"ನನ್ನ ಮಗಳಲ್ಲೇನು ನೀನು? ನಡೀತೈತಿ."

"ಹಂಗ ನಡಿಯಂಗಿಲ್ಲ," ಎಂದಳು. ಆಮೇಲೆ, "ಇವತ್ತು ಏನು ವಾರ?" ಎಂದಳು.

"ರವಿವಾರ."

"ತಾಗಿಸೋರು ಚಾ ಕುಡದಿರಬಾರ್ದು. ನಾ ಕುಡದಿಲ್ಲ. ಆದ್ರ ನರ್ಸ್ ಹಾಲು ಕುಡಿಸ್ಯಾಳ."

"ಹಾಲು ನಡೀತೈತ್ಯವ್ವ," ಎಂದಳು ಅಜ್ಜಿ. "ಹಾಲಿಗೆ ಏನೂ ಇಲ್ಲ."

"ಹಂಗಾರ ಯಾರೂ ಮಾತಾಡಬ್ಯಾಡ್ರಿ," ಎಂದಳು ಗಿರಿಜಾ.

ಯಾರೂ ಮಾತಾಡಲಿಲ್ಲ. ಪಕ್ಕದ ಮಂಚದವರೂ ಸುಮ್ಮನಾದರು. ನಾನು ಉಸಿರು ಹಿಡಿದು ಕುಳಿತೆ. ಬೆನ್ನ ಹಿಂದೆ ಏನೂ ಆಗಲಿಲ್ಲ. ಕಿಟಕಿಯ ಮೇಲಿನ ಚಹಾಕ್ಕೆ ಕೆನೆ ಕಟ್ಟಿತು. ಅವಳು ಹಲ್ಲು ಕಚ್ಚಿ ತಿಣುಕುತ್ತಿರುವ ಸದ್ದು ಕೇಳುತ್ತಿತ್ತು. ಆ ಬಳೆ, ಸರಳುಗಳ ನಡುವೆ ಅವಳಿಗೆ ತನ್ನ ಕಾಲು ಕಾಣುವಂತೆಯೂ ಇರಲಿಲ್ಲ. ಸಾಕು ಬಿಡವ್ವ ಎನ್ನಲು ಬಾಯಿ ತೆರೆದೆ, ಮಾತಾಡಿದರೆ ಕೆಡುತ್ತದೆ ಎಂದು ನೆನಪಾಗಿ ಮುಚ್ಚಿದೆ.

ಆಗ ತಾಗಿತು. ನೊಣ ಕೂತಷ್ಟು. ನನ್ನ ರವಿಕೆಯ ಬಟ್ಟೆ ಅಲುಗಿತೋ, ನನ್ನ ಭ್ರಮೆಯೋ ತಿಳಿಯಲಿಲ್ಲ. ಎದುರಿಗೆ ನಿಂತಿದ್ದ ಬಸವರಾಜನ ಮುಖ ನೋಡಿದೆ. ಅವನು ಅವಳ ಕಾಲನ್ನೇ ನೋಡುತ್ತಿದ್ದ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಭ್ರಮೆಯಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು, ಈ ಸಲ ಹೆಬ್ಬೆರಳು ಎಂದು ಗುರುತು ಸಿಕ್ಕಿತು. ನನ್ನ ಕಣ್ಣಿನಿಂದ ನೀರು ಸುರಿದು ಮಡಿಲ ಮೇಲೆ ಬೀಳುತ್ತಿತ್ತು, ಸದ್ದು ಮಾಡುವಂತಿಲ್ಲ. ಅಜ್ಜಿ ಸೆರಗು ಕಚ್ಚಿ ನಿಂತಿದ್ದಳು. ಮೂರನೆಯದು ಬರುವುದಿಲ್ಲ ಎಂದುಕೊಳ್ಳುವಷ್ಟು ತಡವಾಯಿತು. ಆಮೇಲೆ ಬಂತು. ಪೂರ್ತಿ ಅಂಗಾಲು ನನ್ನ ಬೆನ್ನಿಗೆ ಊರಿ, ನನ್ನನ್ನು ಕೂದಲೆಳೆಯಷ್ಟು ಮುಂದಕ್ಕೆ ನೂಕಿತು.

ನಾನು ತಿರುಗಲು ಹೋದೆ.

"ಹೊಳ್ಳಿ ನೋಡಬ್ಯಾಡ," ಎಂದಳು ನನ್ನ ಮಗಳು. "ಬೆಲ್ಲ ಎಲ್ಲಿ?"